ಕೆರೆಗೆ ಇಳಿದ ವಿಮಾನಗಳು

ಪಳನಿ ಬೆಟ್ಟದಿಂದ ಇಳಿಯುವಾಗ ಕೆಳಗೆ ವೈಯಾಪುರಿ ಕೆರೆ ಕಾಣುತ್ತದೆ. ಅಂಥ ಕೆರೆಯೊಂದು ವಿಮಾನ ನಿಲ್ದಾಣವಾಗಬಹುದೆಂದರೆ ಇಂದು ಯಾರೂ ನಂಬರು. ಆದರೆ 1938ರಲ್ಲಿ ಇಂಗ್ಲೆಂಡಿನಿಂದ ಸಿಡ್ನಿಗೆ ಹಾರುತ್ತಿದ್ದ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ‘ಹಾರುವ ದೋಣಿ’ಗಳು ನಮ್ಮ ದೇಶದಲ್ಲಿ ನೀರಿನ ಮೇಲೆಯೇ ಇಳಿಯುತ್ತಿದ್ದವು: ರಾಜಸ್ಥಾನದ ರಾಜಸಮಂದ್ ಕೆರೆ, ಗ್ವಾಲಿಯರ್, ಅಲಹಾಬಾದ್, ಕಲ್ಕತ್ತೆಯ ಹೂಗ್ಲಿ ನದಿ. ಎರಡಂತಸ್ತಿನ ಆ ವಿಮಾನದಲ್ಲಿ ಅಡುಗೆಮನೆಯಿತ್ತು. ಕಿಟಕಿಯ ಬಳಿ ನಿಂತು ನೆಲವನ್ನು ನೋಡಲು ಪಡಸಾಲೆಯಿತ್ತು. ಪ್ರಯಾಣಿಕರು ಮಾತ್ರ ಹೆಚ್ಚೆಂದರೆ 24 ಮಂದಿ.

ಕನ್ನಡನಾಡಿಗೂ ಈ ಕಥೆಯಲ್ಲಿ ಪಾಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆಂದು ಬಂದ ಸೇನೆಯ ‘ಕ್ಯಾಟಲಿನಾ’ ಹಾರುವ ದೋಣಿಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದವು. ಅದೇ ಯುದ್ಧ ಎಲ್ಲೆಡೆ ಉದ್ದನೆಯ ರನ್‌ವೇಗಳನ್ನು ನಿರ್ಮಿಸಿತು. ನೆಲದ ವಿಮಾನಗಳು ವೇಗದಲ್ಲಿ ಗೆದ್ದವು. ದೋಣಿಗಳ ಯುಗ ಮುಗಿಯಿತು.

ವಿಮಾನಗಳು ಹೋದುದಕ್ಕೆ ದುಃಖವಿಲ್ಲ. ನೀರು ಕೆಟ್ಟುದಕ್ಕೆ ದುಃಖವಿದೆ. ಅದೇ ಬೆಳ್ಳಂದೂರು ಕೆರೆ ಕೊಳಚೆ ತುಂಬಿ, ನೊರೆಯುಕ್ಕಿ, 2018ರಲ್ಲಿ ಹೊತ್ತಿ ಉರಿಯಿತು. ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮುಂದೆ ನಿಂತಿತು. ವಕೀಲನಾದ ನಾನು ಬಲ್ಲೆ: ಕೆರೆ ಸತ್ತ ಮೇಲೆ ಬರುವ ತೀರ್ಪು ನೀರನ್ನು ತಿಳಿಗೊಳಿಸದು. ನಮ್ಮ ವೈಯಾಪುರಿ ಕೆರೆಗೆ ವಿಮಾನ ಬರಬೇಕಾಗಿಲ್ಲ. ಕೊಳಚೆ ಬರದಿದ್ದರೆ ಸಾಕು.