ತಂಬೂರಿ ಮಿರಜದ್ದು, ಚಪ್ಪಲಿ ಅಥಣಿಯದು, ಲಾಭ ಯಾರದು?

ಮಿರಜ ಅಂದ ಕೂಡಲೇ ನಮ್ಮ ಗಡಿ ಹಳ್ಳಿಗಳವರಿಗೆ ನೆನಪಾಗುವುದು ಎರಡೇ: ದವಾಖಾನೆ ಮತ್ತು ರೈಲ್ವೆ ಜಂಕ್ಷನ್. ಜತ್ತ, ಅಥಣಿ, ಕಾಗವಾಡ ಕಡೆಯಿಂದ ರೋಗಿಯನ್ನು ಕರೆತಂದವರು ಡಾಕ್ಟರ ಪಾಳಿ ಕಾಯುತ್ತ ದಿನವಿಡೀ ಕೂರುತ್ತಾರೆ. ಅದೇ ಊರಿನ ಸತಾರಮೇಕರ ಗಲ್ಲಿಗೆ ಕಾಲಿಟ್ಟವರು ಕಡಿಮೆ. ಮನೆಯಲ್ಲೇ ಕೂತು ಕೈಕೆಲಸ ಮಾಡಿ ಮಾರಬೇಕು ಎನ್ನುವವರು ಒಮ್ಮೆಯಾದರೂ ಅಲ್ಲಿ ಹೋಗಿ ನೋಡಬೇಕು.

ಅಲ್ಲಿ ಸಿತಾರ್, ತಂಬೂರಿ ಮಾಡುವವರ ಹಿರಿಯರು ಮೊದಲು ಶಿಕಲಗಾರರು, ಅಂದರೆ ಕತ್ತಿ ಆಯುಧಗಳಿಗೆ ಸಾಣೆ ಹಿಡಿಯುವವರು. 19ನೇ ಶತಮಾನದಲ್ಲಿ ಆ ಕೆಲಸ ಕುಗ್ಗಿದಾಗ ಫರೀದಸಾಹೇಬರು ವಾದ್ಯ ಮಾಡುವುದನ್ನು ಕೈಗೆತ್ತಿಕೊಂಡರು. ಊರಿನ ಪಟವರ್ಧನ ಸಂಸ್ಥಾನಿಕರಿಗೆ ಸಂಗೀತದ ಒಲವಿತ್ತು. ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರೂ ಮಿರಜದಲ್ಲೇ ನೆಲೆಸಿದರು. ಗಿರಾಕಿ ಮನೆ ಬಾಗಿಲಲ್ಲೇ ಇದ್ದ ಹಾಗಾಯಿತು! ಇಂದಿಗೂ ಬುರುಡೆ (ಮರಾಠಿಯ ಭೋಪಳಾ) ಬರುವುದು ಮಂಗಳವೇಢೆ ಕಡೆಯಿಂದ, ಮರ ನಮ್ಮ ಕರ್ನಾಟಕದ ಕಾಡುಗಳಿಂದ.

ಈ ಕೆಲಸದಲ್ಲಿ ನನಗೆ ಇಷ್ಟವಾದ ಮಾತು ‘ಜವಾರಿ’. ನಮ್ಮಲ್ಲಿ ಜವಾರಿ ಅಂದರೆ ಜವಾರಿ ಬದನೆಕಾಯಿ, ಜವಾರಿ ಕೋಳಿ. ಅವರಲ್ಲಿ ಜವಾರಿ ಅಂದರೆ ತಂತಿ ಕೂರುವ ಕುದುರೆಯನ್ನು ಕೂದಲೆಳೆಯಷ್ಟು ಉಜ್ಜಿ, ನಾದ ತುಂಬಿ ಬರುವಂತೆ ಮಾಡುವುದು. ಬಳಸುತ್ತ ಬಳಸುತ್ತ ಅದು ಸವೆಯುತ್ತದೆ, ಮತ್ತೆ ಮಾಡಿಸಬೇಕಾಗುತ್ತದೆ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ಈಗ ಮೊಬೈಲಿನಲ್ಲೇ ಶ್ರುತಿ ಸಿಗುತ್ತದೆ. ಆದರೂ ಮರದ ತಂಬೂರಿ ಇಟ್ಟುಕೊಂಡ ಗಾಯಕರಿಗೆ ಜವಾರಿ ಮಾಡುವ ಕೈ ಬೇಕೇ ಬೇಕು. ಮಾರಿದ ಮೇಲೂ ಗಿರಾಕಿ ತಿರುಗಿ ಬರುವ ಕಾರಣ ಇರುವುದು ದೊಡ್ಡ ಬಲ. ಚಪ್ಪಲಿ ಮಾಡುವವರು ಅಟ್ಟೆ ಬದಲಿಸಿ ಕೊಡುವುದನ್ನು, ಕೌದಿ ಹೊಲಿಯುವವರು ಹಳೆಯದಕ್ಕೆ ಹೊಸ ಅಂಚು ಹಾಕುವುದನ್ನು ಸಣ್ಣ ಕೆಲಸ ಎನ್ನಬಾರದು.

2024ರ ಮಾರ್ಚ್‌ನಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಮಿರಜದ್ದಲ್ಲದ ವಾದ್ಯವನ್ನೂ ಮಿರಜದ್ದೆಂದು ಮಾರುವವರಿದ್ದರು, ಅರ್ಜಿ ಹಾಕಲು ಅದೂ ಒಂದು ಕಾರಣ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಟ್ಯಾಗ್ ಬಂದರೆ ದುಡ್ಡು ಬರುವುದಿಲ್ಲ. ಸುಳ್ಳು ಹೆಸರಲ್ಲಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ ಎಂದು 1999ರ ಕಾಯ್ದೆ ಹೇಳುತ್ತದೆ. ಆದರೆ ಆ ಹೆಸರನ್ನು ಹಕ್ಕಿನಿಂದ ಬಳಸಬೇಕಾದರೆ ಮಾಡುವವರು ತಾವೇ ‘ಅಧಿಕೃತ ಬಳಕೆದಾರ’ ಎಂದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ದಾಖಲಾಗಬೇಕು. ಅರ್ಜಿ ಶುಲ್ಕ ಮೊದಲು 500 ರೂಪಾಯಿ ಇತ್ತು, 2020ರಲ್ಲಿ ಅದನ್ನು 10 ರೂಪಾಯಿಗೆ ಇಳಿಸಿದರು. ನೋಂದಣಿ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು.

ತಂಬೂರಿ ಮಿರಜದವರದು, ನಮಗೇನು ಎನ್ನಬೇಡಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲೇ ಟ್ಯಾಗ್ ಬಂದಿದೆ. ಅದು ಕೊಲ್ಹಾಪುರಕ್ಕಷ್ಟೇ ಅಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ಗಡಿ ವಿವಾದ ಏನೇ ಇರಲಿ, ಚಪ್ಪಲಿಯ ಮಟ್ಟಿಗೆ ಎರಡೂ ಕಡೆ ಒಂದೇ ಹಕ್ಕು. ಜೂನ್ 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿ, ಮೂಲದ ಹೆಸರೇ ಹೇಳದೆ ಟೀಕೆಗೆ ಗುರಿಯಾಯಿತು. ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳ ಜೊತೆ ಒಪ್ಪಂದಕ್ಕೆ ಬಂತು. ಆಗ ಹೇಳಿದ ಬೆಲೆ ಜೋಡಿಗೆ ಸುಮಾರು 800 ಯೂರೋ!

ಅಷ್ಟು ದೂರದ ಬೆಲೆ ಬಿಡಿ, ನಮ್ಮ ಮನೆಯ ಲೆಕ್ಕ ನೋಡೋಣ. ಉದಾಹರಣೆಗೆ ಒಂದು ಜೋಡಿಗೆ ಚರ್ಮ, ಬಣ್ಣ ಇತ್ಯಾದಿ 400 ರೂಪಾಯಿ ಅನ್ನಿ. ದಲಾಲ ಮನೆಗೇ ಬಂದು 700 ಕೊಟ್ಟು ಒಯ್ಯುತ್ತಾನೆ. 300 ಉಳಿಯಿತು ಎಂದು ಖುಷಿ. ಆದರೆ ಗಂಡಸು ಅಟ್ಟೆ ಕೊಯ್ದು ಹೊಲಿದ ಒಂದು ದಿನದ ಕೂಲಿ 500, ಹೆಂಗಸು ಪಟ್ಟಿ ಹೆಣೆದ ಅರ್ಧ ದಿನದ ಕೂಲಿ 250 ಹಿಡಿಯಿರಿ. ಖರ್ಚು 1,150 ಆಯಿತು. ಲಾಭವಲ್ಲ, 450 ರೂಪಾಯಿ ಹಾನಿ. ಹೆಂಗಸರ ಹೆಣಿಗೆಯನ್ನು ಲೆಕ್ಕದಲ್ಲೇ ಹಿಡಿಯದಿರುವುದು ನಮ್ಮ ಕಡೆಯ ಹಳೇ ರೂಢಿ. ದಲಾಲನಿಗೆ ಅನುಕೂಲವಾಗಿರುವುದೂ ಅದೇ. ದಲಾಲನನ್ನು ಪೂರ್ತಿ ಬಿಡಿ ಎಂದು ನಾನು ಹೇಳಲಾರೆ, ಮಳೆಗಾಲದಲ್ಲಿ ಚಪ್ಪಲಿ ಹೋಗದಿದ್ದಾಗ ಮುಂಗಡ ಕೊಡುವವನು ಅವನೇ. ಹತ್ತರಲ್ಲಿ ಎರಡು ಮೂರು ಜೋಡಿಯನ್ನಾದರೂ ನೇರ ಮಾರಿ ನೋಡಿ. ನಿಜವಾದ ಬೆಲೆ ಎಷ್ಟೆಂದು ಆಗ ಗೊತ್ತಾಗುತ್ತದೆ.

ನೇರ ಮಾರುವಾಗ ಡಬ್ಬಿಯಲ್ಲಿ ಒಂದು ಚೀಟಿ ಇಡಿ: ಮಾಡಿದವರ ಹೆಸರು, ಊರು, ಫೋನ್ ನಂಬರು, ದುರಸ್ತಿ ಮಾಡಿಕೊಡುತ್ತೇವೆ ಎಂಬ ಮಾತು. ಕನ್ನಡ, ಮರಾಠಿ ಎರಡರಲ್ಲೂ ಬರೆಯುವುದು ನಮಗೆ ಕಷ್ಟವಲ್ಲ. ಬುರುಡೆಯ ವಾದ್ಯವಾದರೆ ಪ್ಯಾಕಿಂಗ್ ಖರ್ಚನ್ನು ಬೆಲೆಯಲ್ಲೇ ಸೇರಿಸಿ, ದಾರಿಯಲ್ಲಿ ಒಡೆದರೆ ಹಾನಿ ನಿಮ್ಮದೇ.

ಜಿಐ ಅರ್ಜಿಯ ಬಗ್ಗೆ ಕೇಳಲು ಜತ್ತ, ಮಿರಜ ಕಡೆಯವರು ಮಹಾರಾಷ್ಟ್ರದ ಲಿಡ್ಕಾಮ್‌ಗೆ, ಅಥಣಿ, ನಿಪ್ಪಾಣಿ ಕಡೆಯವರು ಕರ್ನಾಟಕದ ಲಿಡ್ಕರ್‌ಗೆ ಹೋಗಬೇಕು. ಚಪ್ಪಲಿಯ ಟ್ಯಾಗ್ ಇರುವುದು ಈ ಎರಡು ನಿಗಮಗಳ ಹೆಸರಲ್ಲಿ. ಮನೆಯ ಯಜಮಾನನೇ ಅರ್ಜಿ ಹಾಕಬೇಕೆಂಬ ನಿಯಮವೇನೂ ಇಲ್ಲ, ಹೆಣೆಯುವ ಹೆಂಗಸರು ತಮ್ಮ ಹೆಸರಿನಲ್ಲೇ ಹಾಕಬಹುದು.