ಅಜ್ಜಿಗೂ ತಿಳಿಯಬೇಕು, ಹಳೆಯ ಯಂತ್ರಕ್ಕೂ ತಿಳಿಯಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಇಂದು ಇದ್ದಿದ್ದರೆ ‘ಪ್ರೋಗ್ರಾಂ ಹಂಚಿ ನೋಡು’ ಎಂದೂ ಸೇರಿಸುತ್ತಿದ್ದರೇನೋ! ಇಂಗ್ಲಿಷಿನಲ್ಲಿ ಬಿ.ಎ. ಮಾಡಿ, ಬದುಕಿನ ಬಹುಪಾಲನ್ನು ಅಡುಗೆಮನೆಯಲ್ಲಿ ಕಳೆದ ನಾನು ಲಿನಕ್ಸ್ ಬಗ್ಗೆ ಬರೆಯಲು ಕುಳಿತರೆ ನಿಮಗೆ ನಗು ಬಂದೀತು. ನಗಿ, ಆದರೆ ಕೊನೆಯವರೆಗೂ ಓದಿ.

ನನ್ನ ತವರು ಕಾಸರಗೋಡು. ತಂಗಿ ಅಲ್ಲಿಯೇ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲಿ. ‘ಕೈಟ್’ ಎಂಬ ಅಲ್ಲಿನ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗಾಗಿಯೇ ಲಿನಕ್ಸ್ ಸಿದ್ಧಪಡಿಸುತ್ತದೆ. 2024ರಲ್ಲಿ ಬಂದದ್ದು ಉಬುಂಟು 22.04ರ ಮೇಲೆ ನಿಂತದ್ದು, ಅದರ ಹಿಂದಿನದು 18.04ರ ಮೇಲೆ.

ಒಂದು ದಸರಾ ರಜೆಯಲ್ಲಿ ನನ್ನ ಮಗ ತಂಗಿಯ ಶಾಲೆಯ ಮಕ್ಕಳಿಗಾಗಿ ಒತ್ತಕ್ಷರ ಕಲಿಸುವ ಪುಟ್ಟ ಆಟವೊಂದನ್ನು ಸಿ ಭಾಷೆಯಲ್ಲಿ ಬರೆದ. ತನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ಸಲ ಆಡಿ ನೋಡಿ, ಪೆನ್‌ಡ್ರೈವಿಗೆ ಹಾಕಿ ಕಳಿಸಿದ. ವಾರದೊಳಗೆ ತಂಗಿಯ ಫೋನು: “ಅಕ್ಕಾ, ಮಕ್ಕಳೆಲ್ಲ ಸುತ್ತ ನಿಂತಿದ್ದಾರೆ, ಇದು ಬಾಗಿಲೇ ತೆಗೆಯುವುದಿಲ್ಲ!” ತೆರೆಯ ಮೇಲೆ ಬಂದದ್ದು ಒಂದೇ ಸಾಲು: ಜಿಲಿಬ್‌ಸಿ 2.34 ಸಿಗಲಿಲ್ಲ.

ಮಗ ಸಲೀಸಾಗಿ, “ಚಿಕ್ಕಮ್ಮಾ, ಸಿಸ್ಟಂ ಅಪ್‌ಗ್ರೇಡ್ ಮಾಡಿಬಿಡು” ಎಂದ. ಅವಳೋ, “ಅದು ನನ್ನ ಮನೆಯ ಕಂಪ್ಯೂಟರಲ್ಲ ಮಾರಾಯ. ಇಡೀ ತರಗತಿಯ ಪಾಠ ಅದರಲ್ಲಿದೆ. ನಿನ್ನ ಆಟಕ್ಕಾಗಿ ಅದನ್ನು ಬಿಚ್ಚಿ ಹಾಕಲಿಕ್ಕೆ ಆಗುತ್ತದಾ?” ಎಂದಳು. ಮಗ ಸುಮ್ಮನಾದ. ಅಂದು ರಾತ್ರಿ ಅವನಿಂದ ನಾನು ಕೇಳಿ ತಿಳಿದದ್ದು ಇಷ್ಟು.

ಕಟ್ಟಿ ಸಿದ್ಧಪಡಿಸಿದ ಪ್ರೋಗ್ರಾಂ, ಅಂದರೆ ಬೈನರಿ, ತನಗೆ ಬೇಕಾದ್ದೆಲ್ಲವನ್ನೂ ಹೊತ್ತು ತರುವುದಿಲ್ಲ. ಫೈಲು ತೆರೆಯುವುದು, ಅಕ್ಷರ ಮೂಡಿಸುವುದು, ಗಂಟೆ ಎಷ್ಟೆಂದು ಕೇಳುವುದು ಇಂಥ ನಿತ್ಯದ ಕೆಲಸಗಳಿಗೆ ತಾನು ಹೋದ ಮನೆಯ ಸಾಮಾನನ್ನೇ ಬಳಸುತ್ತದೆ. ಲಿನಕ್ಸಿನಲ್ಲಿ ಆ ಸಾಮಾನಿನ ಉಗ್ರಾಣವೇ ಜಿಲಿಬ್‌ಸಿ. ಅದರ ಒಂದೊಂದು ಸಾಮಾನಿಗೂ ಯಾವ ಆವೃತ್ತಿಯದೆಂಬ ಚೀಟಿ ಅಂಟಿಸಿರುತ್ತಾರೆ. ನಿಮ್ಮ ಯಂತ್ರದಲ್ಲಿ ಪ್ರೋಗ್ರಾಂ ಕಟ್ಟುವಾಗ ಆ ಚೀಟಿಯ ಸಂಖ್ಯೆ ಬೈನರಿಯೊಳಗೆ ಅಚ್ಚಾಗಿಬಿಡುತ್ತದೆ. ಮಗನ ಉಬುಂಟು 22.04ರಲ್ಲಿ ಇದ್ದದ್ದು ಜಿಲಿಬ್‌ಸಿ 2.35, ಶಾಲೆಯ ಹಳೆಯ ಯಂತ್ರಗಳ 18.04ರಲ್ಲಿ 2.27. ತಮಾಷೆಯೆಂದರೆ, 2021ರ ಆಗಸ್ಟಿನಲ್ಲಿ ಬಂದ 2.34ರಲ್ಲಿ, ಪ್ರೋಗ್ರಾಮನ್ನು ಎಬ್ಬಿಸುವ ಮೊದಲ ಹೆಜ್ಜೆಗೇ ಹೊಸ ಚೀಟಿ ಬಿತ್ತು. ಹಾಗಾಗಿ ಬರೀ ‘ನಮಸ್ಕಾರ’ ಎನ್ನುವ ಪ್ರೋಗ್ರಾಮನ್ನು 22.04ರಲ್ಲಿ ಎಂದಿನಂತೆ ಕಟ್ಟಿದರೂ ಅದು 18.04ರಲ್ಲಿ ಏಳುವುದಿಲ್ಲ. ಹಳೆಯದರಲ್ಲಿ ಕಟ್ಟಿದ್ದು ಮಾತ್ರ ಹೊಸದರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಏಕೆಂದರೆ ಹೊಸ ಉಗ್ರಾಣದಲ್ಲಿ ಹಳೆಯ ಚೀಟಿಗಳನ್ನೂ ಜೋಪಾನವಾಗಿ ಇಟ್ಟಿರುತ್ತಾರೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನನ್ನ ಅಮ್ಮ. ಮಗ ಚಿಕ್ಕವನಿದ್ದಾಗ ಅವರಿಗೆ, “ಅಜ್ಜೀ, ಲಗೇಚ್ ಬರ್ತೀನಿ” ಎಂದು ಫೋನ್ ಇಟ್ಟಿದ್ದ. ‘ಲಗೇಚ್’ ಪುಣೆಯ ಮರಾಠಿ, ತಕ್ಷಣ ಎಂದರ್ಥ. ಅಮ್ಮ ಲಗೇಜು ಬರುತ್ತದೆಂದು ಎರಡು ದಿನ ಕಾದರು! ಅಜ್ಜಿಯ ಕನ್ನಡ ನಮಗೆಲ್ಲ ತಿಳಿಯುತ್ತದೆ, ನಮ್ಮ ಹೊಸ ಮಾತು ಅಜ್ಜಿಗೆ ತಿಳಿಯುವುದಿಲ್ಲ. ಜಿಲಿಬ್‌ಸಿಯ ಕಥೆಯೂ ಇದೇ ಅಲ್ಲವೇ?

ಪರಿಹಾರವೂ ಅಲ್ಲಿಯೇ ಇದೆ. ಯಾರಿಗೆ ತಲುಪಬೇಕೋ ಅವರಲ್ಲಿ ಅತಿ ಹಳೆಯ ಯಂತ್ರ ಯಾವುದೆಂದು ಮೊದಲು ಕೇಳಿ, ಅದರಲ್ಲಿ ಕಟ್ಟಬೇಕು. ಅದಕ್ಕಾಗಿ ಹಳೆಯ ಯಂತ್ರ ಕೊಳ್ಳಬೇಕಾಗಿಲ್ಲ. ಮಗ ತನ್ನ ಲ್ಯಾಪ್‌ಟಾಪಿನೊಳಗೇ ಡಾಕರ್ ಬಳಸಿ ಉಬುಂಟು 18.04ರದೊಂದು ಕೋಣೆ ಮಾಡಿಕೊಂಡ. ಬರೆದ ಸಾಲು ಒಂದೂ ಬದಲಾಗಲಿಲ್ಲ, ಕಟ್ಟಿದ ಜಾಗ ಮಾತ್ರ ಬದಲಾಯಿತು. ಕಟ್ಟಿದ ಮೇಲೆ ‘ಆಬ್ಜ್‌ಡಂಪ್’ ಎಂಬ ಆಜ್ಞೆಯಿಂದ ಚೀಟಿಗಳನ್ನು ಓದಿ, 2.27ಕ್ಕಿಂತ ಮೇಲಿನದು ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ‘ನಿನ್ನ ಯಂತ್ರದ ಪ್ರೊಸೆಸರಿಗೆ ತಕ್ಕಂತೆ ಕಟ್ಟು’ ಎಂಬ ಆಯ್ಕೆಯನ್ನೂ ತೆಗೆದುಹಾಕಿದ, ಅದಿದ್ದರೆ ಹಳೆಯ ಪ್ರೊಸೆಸರು ತನಗೆ ತಿಳಿಯದ ಆದೇಶ ಕಂಡು ನಿಂತುಬಿಡುವ ಸಂಭವವಿದೆ.

ಇದು ನಮ್ಮ ಮನೆಯ ಹಿಕ್ಮತ್ತಲ್ಲ. ಪೈಥಾನ್ ಬಳಗದವರು 2016ರಲ್ಲಿ ‘ಮೆನಿಲಿನಕ್ಸ್’ ಎಂಬ ಕಟ್ಟಳೆ ಮಾಡಿಕೊಂಡಾಗ ಅಳತೆಗೋಲಾಗಿ ಹಿಡಿದದ್ದು 2007ರ ಸೆಂಟ್‌ಓಎಸ್ 5ನ್ನು. ಮುಂದೆ ಆರು, ಏಳಕ್ಕೆ ಏರಿದರು. ಇನ್ನೊಂದು ದಾರಿಯೆಂದರೆ ಮಸ್ಲ್ ಎಂಬ ಸಣ್ಣ ಉಗ್ರಾಣವನ್ನೇ ಬೈನರಿಯೊಳಗೆ ಕಟ್ಟಿಕೊಡುವುದು. ಬುತ್ತಿ ಕಟ್ಟಿಕೊಂಡು ಹೋದಂತೆ ಅದು, ಸಣ್ಣಪುಟ್ಟ ಪ್ರೋಗ್ರಾಮಿಗೆ ಬಹಳ ಚೆನ್ನ. ಆದರೆ ಹೊಸ ಜಿಲಿಬ್‌ಸಿಯನ್ನು ತಂದು ಹಳೆಯದರ ಜಾಗಕ್ಕೆ ಮಾತ್ರ ಸುರಿಯಬೇಡಿ. ಕಡತಗಳ ಪಟ್ಟಿ ತೋರಿಸುವ ಸಾದಾ ಆಜ್ಞೆಯೂ ಕೆಲಸ ಬಿಟ್ಟೀತು.

ದೊಡ್ಡವರೂ ಈ ಪಾಠ ಕಲಿತಿದ್ದಾರೆ. 2024ರ ಆರಂಭದಲ್ಲಿ ಮೈಕ್ರೋಸಾಫ್ಟಿನ ವಿಎಸ್ ಕೋಡ್ ಜಿಲಿಬ್‌ಸಿ 2.28 ಬೇಕೆಂದಾಗ, ಉಬುಂಟು 18.04 ಇದ್ದ ದೂರದ ಯಂತ್ರಗಳಿಗೆ ಅದರಿಂದ ಸಂಪರ್ಕ ತಪ್ಪಿತು. ದೂರುಗಳು ಬಂದ ಮೇಲೆ ಕಂಪನಿ ಒಂದು ವರ್ಷದ ಗಡುವು ಕೊಟ್ಟಿತು.

ಹಳೆಯದೇ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹಳೆಯ ಸಿಸ್ಟಂಗಳಿಗೆ ಭದ್ರತೆಯ ತಿದ್ದುಪಡಿಗಳು ಕ್ರಮೇಣ ನಿಲ್ಲುತ್ತವೆ, ಬದಲಿಸಲೇಬೇಕು. ಆದರೆ ಬದಲಿಸುವ ಅಧಿಕಾರ ಎಲ್ಲರ ಕೈಯಲ್ಲಿ ಇರುವುದಿಲ್ಲ. ಶಾಲೆಯ ಬೆಂಚಿನ ಮೇಲೆ ಕುಳಿತ ಮಗುವಿನ ಕೈಯಲ್ಲಂತೂ ಇಲ್ಲವೇ ಇಲ್ಲ. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಕನ್ನಡದ ಆಟಗಳೇ ಅಪರೂಪ. ಬಂದದ್ದೂ ಬಾಗಿಲಲ್ಲೇ ನಿಂತರೆ ಹೇಗೆ?

ದೀಪಾವಳಿಯ ಹೊತ್ತಿಗೆ ಎರಡನೆಯ ಪೆನ್‌ಡ್ರೈವ್ ಊರು ಸೇರಿತು. ತಂಗಿ ಫೋನಿನಲ್ಲಿ ಏನೂ ಹೇಳಲಿಲ್ಲ, ಲ್ಯಾಬಿನ ಗಲಾಟೆಯನ್ನಷ್ಟೇ ಕೇಳಿಸಿದಳು. ಮಗ ಆ ಗಲಾಟೆಯನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದ.

ನಿಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಬಿದ್ದಿದ್ದರೆ ಭಂಗಾರ್‌ವಾಲಾನಿಗೆ ಕೊಡುವ ಮುನ್ನ ನಿಮ್ಮ ಪ್ರೋಗ್ರಾಮನ್ನು ಅದರಲ್ಲೊಮ್ಮೆ ನಡೆಸಿ ನೋಡಿ. ಮರಾಠಿಯ ಭಂಗಾರ ಕೆಲವೊಮ್ಮೆ ಕನ್ನಡದ ಬಂಗಾರವೂ ಆಗುತ್ತದೆ. ಹಾಗೆಯೇ ಈ ಭಾನುವಾರ ಅಜ್ಜಿಗೊಂದು ಫೋನ್ ಮಾಡಿ. ‘ಲಗೇಚ್’ ಅನ್ನಬೇಡಿ!