ಮಾರ್ಕೋನಹಳ್ಳಿಯಲ್ಲಿ ಕಳೆದುಹೋದ ಒಂದು ಮೀಟರ್

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾನು ಮಾರ್ಕೋನಹಳ್ಳಿ ಅಣೆಕಟ್ಟೆಯ ಹತ್ತಿರ ಇಳಿದಾಗ ಅಲ್ಲೊಂದು ಮೀಟರಿಗಾಗಿ ಜಗಳ ಹತ್ತಿಕೊಂಡಿತ್ತು. ಹುಡುಗಿಯರಿಬ್ಬರು, ಹುಡುಗರು ಮೂವರು. ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ, ಮೂಗಿನ ಮೇಲೆ ಹತ್ತು ದಿನದ ಬಿಸಿಲು ಸುಲಿದ ಗುರುತು. ಬೆಳಗಿನ ಆರಕ್ಕೇ ಎದ್ದು, ಒಂದು ಕಲ್ಲಿನಿಂದ ಹೊರಟು, ಏರಿಗುಂಟ ಮಟ್ಟ ಅಳೆಯುತ್ತ ಹೋಗಿ ಮತ್ತೆ ಅದೇ ಕಲ್ಲಿಗೆ ಬಂದಿದ್ದರು. ಹೊರಟಾಗ ಕಲ್ಲಿಗೆ ಎಷ್ಟು ಎತ್ತರ ಬರೆದಿದ್ದರೋ ಬಂದಾಗಲೂ ಅಷ್ಟೇ ಬರಬೇಕು. ಬಂದದ್ದು ಸರಿಯಾಗಿ ಒಂದು ಮೀಟರ್ ಕಡಿಮೆ.

‘ಸ್ಟಾಫ್ ಹಿಡಿದೋನು ನಿದ್ದೆ ಮಾಡ್ತಿದ್ದ’ ಎಂದಳು ಒಬ್ಬಳು. ‘ರೀಡಿಂಗ್ ಬರೆದೋರು ಯಾರು?’ ಎಂದ ಸ್ಟಾಫ್, ಅಂದರೆ ಅಳತೆಯ ಕೋಲು, ಹಿಡಿದವನು. ಮೇಷ್ಟ್ರು ದೂರದ ಹುಣಸೆ ಮರದ ಕೆಳಗೆ ಕೂತು ಟೀ ಕುಡಿಯುತ್ತಿದ್ದರು, ಈ ಕಡೆ ತಿರುಗಿಯೂ ನೋಡಲಿಲ್ಲ. ‘ಹತ್ತಿಪ್ಪತ್ತು ಮಿಲಿಮೀಟರ್ ತಪ್ಪಿದ್ರೆ ನಾನೇ ಹೋಗ್ಲಿ ಅಂತಿದ್ದೆ. ಒಂದು ಕಿಲೋಮೀಟರ್ ಅಳತೆಗೆ 24 ಮಿಲಿಮೀಟರ್ ತನಕ ಮಾಫಿ ಇದೆ. ಪೂರಾ ಒಂದು ಮೀಟರ್ ಅಂದ್ರೆ ಅದು ಕಣ್ಣಿನ ತಪ್ಪು, ಅವರೇ ಹುಡುಕ್ಕೋಬೇಕು’ ಎಂದು ನನಗೂ ಒಂದು ಲೋಟ ಟೀ ಕೊಟ್ಟರು.

ಇದು ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳ ಸರ್ವೆ ಕ್ಯಾಂಪು. ಕರ್ನಾಟಕದಲ್ಲಿ ಸಿವಿಲ್ ಓದಿದವರನ್ನು ಕಾಲೇಜಿನ ದಿನಗಳ ಬಗ್ಗೆ ಕೇಳಿ ನೋಡಿ. ಪಾಠ, ಪರೀಕ್ಷೆ ಎಲ್ಲ ಮರೆತಿರುತ್ತಾರೆ, ಕ್ಯಾಂಪ್ ಒಂದನ್ನು ಬಿಟ್ಟು. ಹೊಸ ಕೆರೆ, ಹಳೆ ಕೆರೆಯ ದುರಸ್ತಿ, ರಸ್ತೆ, ಊರಿಗೆ ಕುಡಿಯುವ ನೀರು ಮತ್ತು ಒಳಚರಂಡಿ ಎಂದು ನಾಲ್ಕು ಪ್ರಾಜೆಕ್ಟು. ಸೆಮಿಸ್ಟರ್ ಪರೀಕ್ಷೆ ಮುಗಿದ ರಜೆಯಲ್ಲಿ ಎಲ್ಲೋ ಒಂದು ಊರಲ್ಲಿ ಬೀಡುಬಿಟ್ಟು ಗುಡ್ಡ, ಹಳ್ಳ ಅಳೆದು, ಕಾಲೇಜಿಗೆ ಹಿಂತಿರುಗಿ ನಕ್ಷೆ ಬರೆಯಬೇಕು. ಈ ಕಾಲೇಜು ಯಾವುದೆಂದು ಬರೆಯುವುದು ಬೇಡ ಎಂದರು ಮೇಷ್ಟ್ರು. ಮೂವತ್ತೆಂಟು ಮಕ್ಕಳಿಗೆ ಸಮುದಾಯ ಭವನದಲ್ಲಿ ಇರುವುದು ಎರಡೇ ಬಚ್ಚಲು ಎಂಬ ದೂರನ್ನು ನಾನು ಮೊದಲ ಹತ್ತು ನಿಮಿಷದಲ್ಲೇ ಆರು ಜನರಿಂದ ಕೇಳಿಸಿಕೊಂಡಿದ್ದರಿಂದ, ಆ ಸಂಕೋಚ ನನಗೆ ಅರ್ಥವಾಯಿತು.

ನಾನು ಹೋದದ್ದು ಕ್ಯಾಂಪಿನ ಕೊನೆಯ ದಿನ. ಮಕ್ಕಳನ್ನು ಕರೆದೊಯ್ಯಲು ತಂದೆತಾಯಂದಿರು ಬರುವ ದಿನ.

ಸ್ಥಳದ ಚರಿತ್ರೆ ಹೇಳಬೇಕಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ದಾಟಿ, ಸಿದ್ಧಲಿಂಗೇಶ್ವರನ ಯಡಿಯೂರಿನ ಬಳಿ ಒಳಕ್ಕೆ ತಿರುಗಿದರೆ ಮಾರ್ಕೋನಹಳ್ಳಿ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಕಾವೇರಿ ಸೇರುವ ಮೊದಲು ಇಲ್ಲಿ ತಡೆದು ನಿಲ್ಲುತ್ತಾಳೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕಟ್ಟೆ. ನಡುವೆ 139 ಮೀಟರ್ ಕಲ್ಲಿನ ಗೋಡೆ, ಎರಡೂ ಬದಿಗೆ ಮಣ್ಣಿನ ಏರಿ, ಅಚ್ಚುಕಟ್ಟು ಸುಮಾರು 15 ಸಾವಿರ ಎಕರೆ. ಯಾರನ್ನು ಕೇಳಿದರೂ ವಿಶ್ವೇಶ್ವರಯ್ಯನವರೇ ಕಟ್ಟಿಸಿದ್ದು ಎನ್ನುತ್ತಾರೆ. ನಮ್ಮ ಕಡೆ ಹಳೆಯ ಕಟ್ಟೆಯೊಂದು ಬಿರುಕಿಲ್ಲದೆ ನಿಂತಿದ್ದರೆ ಅದರ ಪುಣ್ಯ ತನಗೆ ತಾನೇ ಅವರ ಖಾತೆಗೆ ಜಮೆಯಾಗಿಬಿಡುತ್ತದೆ.

ಹಾಗೆ ಜಮೆಯಾಗುವ ಗಡಿಬಿಡಿಯಲ್ಲಿ ಕಾಣೆಯಾದ ಹೆಸರು ಗಣೇಶ ಅಯ್ಯರ್. ಮೈಸೂರು ಸಂಸ್ಥಾನದ ಎಂಜಿನಿಯರ್. ಈ ಕಟ್ಟೆಯ ವಿಶೇಷವೆಂದರೆ ನೀರಲ್ಲಿ ಕೊಡೆ ಬಿಚ್ಚಿಟ್ಟಂತೆ ಕಾಣುವ ಜೋಡಿ ಗುಮ್ಮಟ. ಅವು ಅವರ ವಾಲ್ಯೂಟ್ ಸೈಫನ್‌ಗಳು. ದೇಶದ ನೀರಾವರಿ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿನಲ್ಲೇ ಇರುವ ಸೈಫನ್ ಇದು. ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇಂಥವೇ ಇದ್ದವು. 1964ರಲ್ಲಿ ಲಿಂಗನಮಕ್ಕಿ ತುಂಬಿ ಆ ಕಟ್ಟೆ ಮುಳುಗಿತು. ಬಿರುಬೇಸಿಗೆಯಲ್ಲಿ ಹಿನ್ನೀರು ತಳ ಹಿಡಿದಾಗ ಗುಮ್ಮಟಗಳು ತಲೆಯೆತ್ತುತ್ತವೆ.

ಬೇಸಿಗೆಯಾದ್ದರಿಂದ ಸೈಫನ್ ಹರಿಯುವುದನ್ನು ನೋಡುವ ಭಾಗ್ಯ ಮಕ್ಕಳಿಗಿರಲಿಲ್ಲ. ಮೇಷ್ಟ್ರು ಬಾಯಲ್ಲೇ ಹರಿಸಿದರು. ‘ಗುಮ್ಮಟದೊಳಗೆ ಬಾವಿಯಂತೆ ನೆಟ್ಟಗೆ ಇಳಿಯೋ ಕೊಳವೆ. ಅದರ ಬಾಯಿ ಲಾಳಿಕೆ ಥರ. ಲಾಳಿಕೆ ಒಳಮೈಗೆ ಬಾಗಿದ ರೆಕ್ಕೆಗಳು. ನೀರು ತುಂಬಿ ಅಂಚು ದಾಟಿತು ಅನ್ನಿ, ರೆಕ್ಕೆ ಹಿಡಿದು ಸುತ್ತುತ್ತಾ ಇಳಿಯುತ್ತೆ. ಸುಳಿ ಎದ್ದು ಒಳಗಿನ ಗಾಳೀನೆಲ್ಲ ಎಳ್ಕೊಂಡು ಹೋಗುತ್ತೆ. ಗಾಳಿ ಖಾಲಿಯಾಯ್ತಾ, ಆಮೇಲೆ ಅದು ಉಕ್ಕಿ ಹರಿಯೋ ನೀರಲ್ಲ, ಹೀರಿ ಎಸೆಯೋ ನೀರು. ಮಟ್ಟ ಇಳಿದಾಗ ಸಣ್ಣ ಕೊಳವೆಯಿಂದ ಗಾಳಿ ನುಗ್ಗಿ ಉಸಿರು ಕಟ್ಟುತ್ತೆ, ನಿಲ್ಲುತ್ತೆ. ಗೇಟಿಲ್ಲ, ಕರೆಂಟಿಲ್ಲ, ಚಾವಿ ಹಿಡಿದ ಮನುಷ್ಯ ಇಲ್ಲ.’

ಇಷ್ಟು ಹೊತ್ತೂ ಪಕ್ಕದಲ್ಲಿ ನಿಂತು ಕೇಳುತ್ತಿದ್ದ ತಾಯಿಯೊಬ್ಬರು ಅಂದರು: ‘ಅದಕ್ಕೇ ನನಗೆ ನಿದ್ದೆ ಬರ್ತಿರಲಿಲ್ಲ ಸಾರ್.’

2025ರ ಅಕ್ಟೋಬರಿನಲ್ಲಿ ಇಲ್ಲಿ ನೀರಿಗಿಳಿದಿದ್ದ ಒಂದೇ ಕುಟುಂಬದವರು, ಸೈಫನ್ನಿನಿಂದ ಏಕಾಏಕಿ ನುಗ್ಗಿದ ನೀರಿಗೆ ಕೊಚ್ಚಿಹೋದ ಸುದ್ದಿಯನ್ನು ಅವರು ಓದಿದ್ದರು. ಮಗ ಕ್ಯಾಂಪಿಗೆ ಹೋಗುವ ಊರಿನ ಹೆಸರು ಹೇಳಿದಾಗ ಮೊದಲು ನೆನಪಾದದ್ದು ಅದೇ. ಹತ್ತು ದಿನವೂ ಬೆಳಿಗ್ಗೆ, ಸಂಜೆ ಫೋನು. ಒಂದೇ ಪ್ರಶ್ನೆ, ‘ಕಟ್ಟೆ ಕೆಳಗಡೆ ಹೋದ್ಯಾ?’ ಮಗ ಹೋಗಿಲ್ಲ ಎಂದಿದ್ದ. ಈಗ ತಾನು ಅಳತೆ ಮಾಡಿದ ಜಾಗವನ್ನೆಲ್ಲ ಹೆಮ್ಮೆಯಿಂದ ತೋರಿಸುತ್ತಾ ಬಂದವನು, ಕಟ್ಟೆಯ ಕೆಳಭಾಗ ಬಂದಾಗ ಸುಮ್ಮನಾದ. ತಾಯಿ ಅವನ ಮುಖ ನೋಡಿದರು. ನಾನು ಆಚೆ ನೋಡಿದೆ.

ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ ಇನ್ನೊಬ್ಬರಿಗೆ ಮಗ ಕಂಪ್ಯೂಟರ್ ಸೈನ್ಸ್ ಬಿಟ್ಟು ಸಿವಿಲ್ ಹಿಡಿದದ್ದೇ ಇನ್ನೂ ಜೀರ್ಣವಾಗಿರಲಿಲ್ಲ. ಸಿಇಟಿಯಲ್ಲಿ ಸಿವಿಲ್ ಸೀಟು ಉಳಿದುಬಿಡುವುದು ಈಗ ಸುದ್ದಿಯೇ ಅಲ್ಲ. ‘ಎಲ್ಲರೂ ಓಡೋ ಕಡೆ ಓಡು ಅಂದೆ, ಕೇಳಲಿಲ್ಲ. ಮನೇಲಿ ತಟ್ಟೆ ತೊಳೆದವನಲ್ಲ, ಇಲ್ಲಿ ಮೂವತ್ತೆಂಟು ಜನದ ಅನ್ನ ಬಡಿಸ್ತಾನಂತೆ’ ಎಂದು ಸಂತೋಷವೋ ಸಂಕಟವೋ ತಿಳಿಯದ ದನಿಯಲ್ಲಿ ಹೇಳಿದರು. ಮಗ ಮಾತ್ರ ಕ್ಯಾಂಪಿನ ಬಗ್ಗೆ ಒಂದೇ ಮಾತಾಡಿದ: ‘ನೆಲ ಚಪ್ಪಟೆ ಅಂದ್ಕೊಂಡಿದ್ದೆ. ಎಲ್ಲೂ ಚಪ್ಪಟೆ ಇಲ್ಲ.’

ನನಗೆ ಹೆಚ್ಚು ಹೊತ್ತು ಜೊತೆಯಾದವರು ಹುಲಿಯೂರುದುರ್ಗದ ಕಡೆಯಿಂದ ಬಂದಿದ್ದ ಗಾರೆ ಕೆಲಸದವರು. ಬೆಳಗ್ಗೆ ರೀಡಿಂಗ್ ಬರೆಯುತ್ತಿದ್ದವಳು ಅವರ ಮಗಳು. ಮೂವತ್ತು ವರ್ಷ ಮನೆ ಕಟ್ಟಿದ ಕೈ. ಬೆರಳ ತುದಿಗಳಲ್ಲಿ ಸುಣ್ಣ ತಿಂದ ಬಿಳಿ ಗೆರೆ. ಮಗಳು ಮಟ್ಟ ಅಳೆಯುವ ಆಟೋ ಲೆವೆಲ್‌ಗೆ ಕಣ್ಣಿಟ್ಟು ನೋಡಿ ಎಂದಳು. ಬಗ್ಗಿ ನೋಡಿದರು, ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಮುಚ್ಚಿಕೊಂಡರು. ದೂರದಲ್ಲಿ ಕೆಂಪು–ಕಪ್ಪು ಪಟ್ಟೆಯ ನಾಲ್ಕು ಮೀಟರ್ ಕೋಲು, ಅದರ ಮೇಲೆ ಕೂದಲೆಳೆಯಂಥ ಅಡ್ಡಗೆರೆ.

‘ನಾವೂ ಇದನ್ನೇ ಮಾಡೋದು. ಪೈಪಲ್ಲಿ’ ಎಂದರು. ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ಎರಡು ತುದಿ ಎರಡು ಗೋಡೆಗೆ ಹಿಡಿದು, ನೀರು ನಿಂತಲ್ಲಿ ಗೀಟು ಹಾಕುವ ವಿದ್ಯೆ ಅದು. ‘ಒಳಗೆ ಒಂದು ಗುಳ್ಳೆ ಸಿಕ್ಕೊಂಡ್ರೂ ಸುಳ್ಳು ಹೇಳುತ್ತೆ. ಗುಳ್ಳೆ ಬಿಡಿಸೋದೇ ಕೆಲಸ.’ ಮಗಳು ನಕ್ಕು, ಉಪಕರಣದ ಮೇಲಿನ ದುಂಡು ಗಾಜಿನೊಳಗೆ ತೇಲುತ್ತಿದ್ದ ಗುಳ್ಳೆ ತೋರಿಸಿ, ‘ನಮ್ಮದರಲ್ಲಿ ಗುಳ್ಳೆ ಬೇಕು ಅಪ್ಪ’ ಎಂದಳು. ಅಪ್ಪ ಅದನ್ನೂ ಬಗ್ಗಿ ನೋಡಿದರು, ಬಹಳ ಹೊತ್ತು.

ಕಳೆದುಹೋದ ಮೀಟರ್ ಸಿಕ್ಕಿದ್ದು ಹತ್ತು ಗಂಟೆ ಸುಮಾರಿಗೆ. ಏರಿಯ ಮೇಲಿನ ಒಂದು ತಾಣದಲ್ಲಿ ಲಂಟಾನದ ರೆಂಬೆ ಕೋಲಿಗೆ ಅಡ್ಡ ಬಂದು ಮೀಟರಿನ ಕೆಂಪು ಅಂಕಿ ಮರೆಯಾಗಿತ್ತು, 2.615 ಇದ್ದದ್ದು ಪುಸ್ತಕದಲ್ಲಿ 1.615 ಆಗಿ ಕೂತಿತ್ತು. ಫೀಲ್ಡ್ ಬುಕ್ಕಿನಲ್ಲಿ ರಬ್ಬರ್ ಹಾಕುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಹೊಸದನ್ನು ಮೇಲೆ ಬರೆಯಬೇಕು, ತಪ್ಪೂ ಓದಲು ಬರುವಂತಿರಬೇಕು. ಹುಡುಗಿ ಹಾಗೇ ಬರೆದು ಮೇಷ್ಟ್ರಿಗೆ ಒಪ್ಪಿಸಿದಳು. ಅವರು ರುಜು ಹಾಕಿದರು, ಬೈಯಲಿಲ್ಲ.

ಹೊಸ ಕೆರೆ ಪ್ರಾಜೆಕ್ಟಿನ ಕಥೆ ಬೇರೆ. ಅದು ಯಾವತ್ತೂ ಕಟ್ಟದ ಕೆರೆ. ಮಕ್ಕಳು ಒಂದು ಕಣಿವೆ ಹುಡುಕಿ, ಏರಿ ಎಲ್ಲಿ, ಕೋಡಿ ಎಲ್ಲಿ, ಎಷ್ಟು ನೀರು ನಿಲ್ಲುತ್ತದೆ ಎಂದು ಕಾಂಟೂರ್ ಎಳೆದು ಲೆಕ್ಕ ಹಾಕುತ್ತಾರೆ. ಟ್ರೈಪಾಡ್ ಊರಿದ್ದೇ ತಡ ಹೊಲದವರು ಓಡಿ ಬರುತ್ತಾರಂತೆ. ರಸ್ತೆ ಅಗಲ ಮಾಡ್ತೀರಾ, ಹೇಮಾವತಿ ಕಾಲುವೆ ಇಲ್ಲೇ ಬರುತ್ತಾ, ಎಕರೆಗೆ ಎಷ್ಟು ಕೊಡ್ತಾರೆ? ‘ನಾವು ಸ್ಟೂಡೆಂಟ್ಸ್ ಅಂದ್ರೂ ನಂಬಲ್ಲ ಸಾರ್. ಒಬ್ಬ ಅಜ್ಜಿ ಪ್ರಿಸಂ ಕೋಲನ್ನೇ ಕಿತ್ತು ಬಿಸಾಕಿದರು’ ಎಂದ ಒಬ್ಬ. ಸಂಜೆ ಅದೇ ಅಜ್ಜಿ ಒಂದು ಚೀಲ ಹುಣಸೆಹಣ್ಣು ಕಳಿಸಿದ್ದರಂತೆ.

ಊಟದ ನಂತರ ಅಲ್ಲಿಂದ ಸ್ವಲ್ಪ ದೂರದ ಸಣ್ಣ ಕೆರೆಗೆ ಹೋದೆವು. ಹಳೆ ಕೆರೆ ಪ್ರಾಜೆಕ್ಟಿನ ಜಾಗ. ಏರಿಯ ಮೇಲೆ ಜಾಲಿ ಬೆಳೆದಿದೆ, ಒಡಲಲ್ಲಿ ಹೂಳು, ಒಂದು ಮೂಲೆಯಲ್ಲಿ ಮಾತ್ರ ಎಮ್ಮೆ ಮುಳುಗುವಷ್ಟು ನೀರು. ಅಲ್ಲಿ ನಮ್ಮನ್ನು ಹಿಡಿದುಕೊಂಡವರು ಒಬ್ಬ ಮುದುಕರು, ಹಳೆಯ ನೀರುಗಂಟಿ. ಅವರನ್ನು ಹೇಗೆ ಚಿಕ್ಕದಾಗಿಸಿ ಬರೆಯುವುದೋ ನನಗೆ ತಿಳಿಯುತ್ತಿಲ್ಲ; ಒಂದೂಕಾಲು ಗಂಟೆ ಮಾತಾಡಿದರು.

ಅವರ ಅಪ್ಪ, ಅಜ್ಜ ಎಲ್ಲ ನೀರುಗಂಟಿಗಳೇ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವರ ಕೆಲಸ. ಕೂಲಿ ದುಡ್ಡಿನಲ್ಲಲ್ಲ, ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಪಡೆಯುವ ಭತ್ತ, ರಾಗಿ. ‘ಮೇಲಿನ ಗದ್ದೆಯೋನು ದೊಡ್ಡೋನು ಅಂತ ನೀರು ಜಾಸ್ತಿ ಬಿಟ್ರೆ, ಕೊನೇ ಗದ್ದೆಯೋನು ರಾತ್ರಿ ಬಂದು ಬಾಗಿಲು ಬಡೀತಿದ್ದ. ಅವನ ಮುಖ ನೋಡಬೇಕಲ್ಲ ನಾನು’ ಎಂದರು. ಕೊಳವೆ ಬಾವಿಗಳು ಬಂದಮೇಲೆ ಕೆರೆಯನ್ನು ಯಾರೂ ಕೇಳಲಿಲ್ಲ, ಕಣಕ್ಕೆ ಬಂದವನನ್ನೂ ಕೇಳಲಿಲ್ಲ. ಮಕ್ಕಳು ಬೆಂಗಳೂರಲ್ಲಿ. ಒಬ್ಬ ಟ್ಯಾಂಕರಿನಲ್ಲಿ ನೀರು ಸಾಗಿಸುತ್ತಾನೆ. ‘ಅವನೂ ಒಂಥರಾ ನೀರುಗಂಟೀನೇ’ ಎಂದು ಬೊಚ್ಚುಬಾಯಲ್ಲಿ ನಕ್ಕರು.

ಗಾರೆ ಕೆಲಸದವರ ಮಗಳು ತನ್ನ ಕರಡು ನಕ್ಷೆಯ ಹಾಳೆ ಬಿಡಿಸಿ ತೋರಿಸಿದಳು. ಮುದುಕರಿಗೆ ಓದು ಬಾರದು. ಆದರೂ ಏರಿಯ ಗೆರೆ ಎಲ್ಲಿ ಬಾಗಿದೆ ನೋಡಿ ಥಟ್ಟನೆ ಗುರುತು ಹಿಡಿದರು. ಬೆರಳು ಸರಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿ, ಇದೇನು ಎಂದರು.

‘ತೂಬು ತಾತ.’

‘ಇದು ಸಿಮೆಂಟಿಂದು, ನಿನ್ನೆ ಮೊನ್ನೆದು. ಹಳೇ ತೂಬು ಎಲ್ಲಿ ಹಾಕಿದ್ದೀಯಾ?’

ಹಳೆಯ ತೂಬೊಂದಿದೆ ಎಂದು ಹತ್ತು ದಿನದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಮುದುಕರು ಕೋಲೂರುತ್ತಾ ಮುಂದೆ ನಡೆದರು. ಐವತ್ತು ಹೆಜ್ಜೆ ಆಚೆ, ಏರಿಯ ಒಳಮೈಯಲ್ಲಿ ಲಂಟಾನದ ಮೆಳೆ. ಗಾರೆ ಕೆಲಸದವರು ಪಂಚೆ ಎತ್ತಿ ಕಟ್ಟಿ ಇಳಿದು ರೆಂಬೆಗಳನ್ನು ಕಾಲಿನಿಂದ ತುಳಿದು ಬಗ್ಗಿಸಿದರು. ಹೂಳಿನಿಂದ ಮೊಳದಷ್ಟು ಮೇಲೆದ್ದ ಎರಡು ಕಲ್ಲುಕಂಬ, ಅವಕ್ಕೆ ಅಡ್ಡ ಒಂದು ಚಪ್ಪಡಿ, ಚಪ್ಪಡಿಯ ನಡುವೆ ದುಂಡು ತೂತು. ತೂಬಿನ ಬೆಣೆ ಎತ್ತುವ ಗಳು ಆಡುತ್ತಿದ್ದ ತೂತು. ಅವರು ಅದರ ಅಂಚಿಗೆ ಬೆರಳಾಡಿಸಿ, ‘ಉಳಿ ಕೆಲಸ. ನೋಡು, ಒಳಗಡೆ ಗಳು ತಿಕ್ಕಿ ತಿಕ್ಕಿ ನುಣ್ಣಗಾಗಿದೆ’ ಎಂದು ಮಗಳನ್ನು ಕರೆದರು.

ಅತ್ತ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯತೊಡಗಿತ್ತು. ಪೆಟ್ಟಿಗೆ, ಹಾಸಿಗೆ, ಹುಣಸೆಹಣ್ಣಿನ ಚೀಲ ಎಲ್ಲ ಏರಿಸಿ ಆಗಿತ್ತು, ಬೆಂಗಳೂರಿನ ಕಾರು ಸ್ಟಾರ್ಟ್ ಆಗಿತ್ತು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ಹುಡುಗಿ ಅವರ ಮುಖ ನೋಡಿದಳು.

‘ಲೆವೆಲ್ ಬಸ್ಸಿನ ಡಿಕ್ಕಿಯಲ್ಲಿದೆ, ಎಲ್ಲಕ್ಕಿಂತ ಒಳಗೆ’ ಎಂದರು ಅವರು.

ಹುಡುಗರಿಬ್ಬರು ಆಗಲೇ ಓಡುತ್ತಿದ್ದರು. ಡಿಕ್ಕಿಯ ಸಾಮಾನು ಒಂದೊಂದಾಗಿ ರಸ್ತೆಗೆ ಇಳಿಯಿತು. ಡ್ರೈವರು ಎಂಜಿನ್ ಆರಿಸಿ ಬೀಡಿ ಹಚ್ಚಿದ. ಟ್ರೈಪಾಡ್ ನಿಂತಿತು, ಗುಳ್ಳೆ ನಡುವಿಗೆ ಬಂತು, ಸ್ಟಾಫ್ ಹಿಡಿಯಲು ಯಾರೂ ಇಳಿಯದಿದ್ದಾಗ ಗಾರೆ ಕೆಲಸದವರೇ ಕೈ ಚಾಚಿ ಈಸಿಕೊಂಡು ಚಪ್ಪಡಿಯ ಮೇಲೆ ನೆಟ್ಟಗೆ ನಿಲ್ಲಿಸಿದರು.

‘ಅಪ್ಪ, ಗಿಡ ಅಡ್ಡ ಬರ್ತಿದೆ, ಸರಿಸು.’

ಅವರು ರೆಂಬೆಯನ್ನು ಮೊಣಕೈಯಲ್ಲಿ ಒತ್ತಿ ಹಿಡಿದರು. ‘ಈಗ ಕೆಂಪಂಕಿ ಕಾಣ್ತಾ?’